ಮೇಷ್ಟ್ರ ಮುಷ್ಟಿ

ಜಯನಗರದಲ್ಲಿ ಹೋಮ್ ಕೇರ್ ಡ್ಯೂಟಿ. ಪೇಶಂಟ್ ರಿಟೈರ್ಡ್ ಮೇಷ್ಟ್ರು, ಆಲ್‌ಜೈಮರ್ಸ್. ದಿನಾ ಬೆಳಿಗ್ಗೆ "ಯಾರಮ್ಮ ನೀನು, ಹೊಸಬಳಾ?" ಅಂತಲೇ ಶುರು.

ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆಯ ರೀಡಿಂಗ್ 7 ಗಂಟೆಯೊಳಗೆ ಆಪ್‌ಗೆ ಹಾಕಲೇಬೇಕು. ಲೇಟಾದರೆ ಕೆಂಪು ಗುರುತು, ಹಿಂದೆಯೇ ಸೂಪರ್‌ವೈಸರ್ ಫೋನು. ಅವತ್ತು ಬಸ್ಸು ಕೈಕೊಟ್ಟು ಮನೆ ತಲುಪಿದಾಗ 6.52. ಮೊದಲ ಸಲ ಚುಚ್ಚಿದಾಗ ರಕ್ತವೇ ಬರಲಿಲ್ಲ. ಎರಡನೇದು ಸ್ಟ್ರಿಪ್ ಎರರ್. ಮೂರನೇ ಸಲ ಅವರು ಕೈ ಎಳೆದುಕೊಂಡರು. ನಾನು ಮಣಿಕಟ್ಟು ಗಟ್ಟಿಯಾಗಿ ಹಿಡಿದು ಚುಚ್ಚಿಬಿಟ್ಟೆ. ಅವರು ಕೂಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. 6.59. ಅಡುಗೆಮನೆಯಿಂದ ಬಂದ ಅಮ್ಮನವರಿಗೆ ನಾನೇ ಹೇಳಿದೆ, "ಐದು ನಿಮಿಷಕ್ಕೆ ಮರೆತುಬಿಡ್ತಾರೆ ಬಿಡಿ ಅಮ್ಮ."

ಮರೆತರು ನಿಜ. ಮರುದಿನ ನಗುನಗುತ್ತಲೇ "ಹೊಸಬಳಾ?" ಅಂದರು. ನಾನು ಕೈ ಚಾಚಿದೆ. ಅವರ ಮುಷ್ಟಿ ಬಿಗಿಯಾಗಿ ಶಾಲಿನೊಳಗೆ ಹೋಯಿತು. ಯಾಕೆ ಸಾರ್ ಅಂದರೆ "ಸುಮ್ನೆ, ಚಳಿ" ಅಂದರು. ಏಪ್ರಿಲ್‌ನಲ್ಲಿ ಚಳಿ! ನಾನು ನೋಟ್ಸ್‌ನಲ್ಲಿ "ನಾನ್ ಕೋಆಪರೇಟಿವ್" ಅಂತ ಬರೆದು ಕೈತೊಳೆದುಕೊಂಡೆ.

ಮನೆಗೆ ಬರುವ ಸೈಕಾಲಜಿಸ್ಟ್ ಮೇಡಂ ಅದನ್ನು ಓದಿ, ಬೈಯದೆ, 1911ರ ಒಂದು ಕಥೆ ಹೇಳಿದರು. ಜಿನೀವಾದಲ್ಲಿ ಕ್ಲಾಪರೆಡ್ ಅನ್ನೋ ಡಾಕ್ಟರು ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಮರೆವಿನ ಹೆಂಗಸೊಬ್ಬರ ಕೈಕುಲುಕಿದರಂತೆ. ಆಮೇಲೆ ಆಕೆಗೆ ಚುಚ್ಚಿದ್ದು ನೆನಪಿಲ್ಲ, ಕೈ ಮಾತ್ರ ಕೊಡಲೊಲ್ಲರು. ಯಾಕೆ ಅಂದರೆ, ಒಮ್ಮೊಮ್ಮೆ ಕೈಯಲ್ಲಿ ಸೂಜಿ ಬಚ್ಚಿಟ್ಟಿರ್ತಾರಲ್ಲ ಅಂದರಂತೆ. ನಡೆದದ್ದನ್ನು ನೆನಪಿಡಲು ಮೆದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ಬೇಕು. ಆಲ್‌ಜೈಮರ್ಸ್ ಶುರುವಿನಲ್ಲೇ ಕೈ ಹಾಕೋದು ಅದಕ್ಕೇ. ಹೆದರಿಕೆಯನ್ನು ಕಲಿಯೋದರಲ್ಲಿ ಮೆದುಳಿನ ಇನ್ನೊಂದು ಭಾಗ ಅಮಿಗ್ಡಲಾದ ಪಾಲು ಜಾಸ್ತಿ. 2010ರಲ್ಲಿ ಅಮೆರಿಕದ ಅಯೋವಾದಲ್ಲಿ ಮರೆವಿನ ರೋಗಿಗಳಿಗೆ ದುಃಖದ ದೃಶ್ಯ ತೋರಿಸಿದರಂತೆ. ದೃಶ್ಯ ಮರೆತುಹೋಯಿತು, ದುಃಖ ಉಳಿದಿತ್ತು.

ಇಷ್ಟು ಕೇಳುವಾಗ ನನ್ನ "ಮರೆತುಬಿಡ್ತಾರೆ ಬಿಡಿ" ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಈಗ 6.30ಕ್ಕೇ ಹೋಗುತ್ತೇನೆ. ಕಿಟ್ ಹಾಲ್‌ನಲ್ಲಿಟ್ಟು, ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುತ್ತೇನೆ. ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚುತ್ತೇನೆ, ನೋವು ಕಮ್ಮಿ. ನರ್ಸಿಂಗ್ ಓದುವಾಗಲೇ ಕಲಿಸಿದ್ದು ಇದು. ಅವತ್ತು ಮರೆತವಳು ನಾನು. ಕೆಂಪು ಗುರುತು ಎರಡು ಸಲ ಬಿತ್ತು. ಸೂಪರ್‌ವೈಸರ್‌ಗೆ ಕ್ಲಾಪರೆಡ್ ಕಥೆ ಹೇಳಿದೆ. "ಅದೆಲ್ಲ ಸರಿ ಸಿಸ್ಟರ್, ಟೈಮಿಂಗ್ ನೋಡ್ಕೊಳ್ಳಿ" ಅಂದರು.

ಭಾನುವಾರ ನನ್ನ ಬದಲು ಬರುವ ಸಿಸ್ಟರ್‌ಗೆ ಮೇಷ್ಟ್ರು ತಾವೇ ಕೈ ಚಾಚುತ್ತಾರಂತೆ. ನಾನು ಹೋದರೆ ಇನ್ನೂ ಚಳಿ.