ಮೊದಲು ಪ್ರಶ್ನೆ, ಆಮೇಲೆ ಗುಂಪಿಗೆ ಹೆಸರು

ವೈದ್ಯರು, ದಂತವೈದ್ಯರು, ಲ್ಯಾಬಿನ ಪೆಥಾಲಜಿಸ್ಟರು, ಲೆಕ್ಕ ಬಲ್ಲವರು, ಆಶಾ ಕಾರ್ಯಕರ್ತೆಯರು. ಕ್ಯಾನ್ಸರ್ ಬಗ್ಗೆ ಆಸಕ್ತಿ ಇರುವ ಇವರನ್ನೆಲ್ಲ ಒಂದು ಕಡೆ ಕೂರಿಸಿ, ಸೇರಿ ಸಂಶೋಧನೆ ಮಾಡುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಯ ಹೆಸರು ಸಂಯೋಜಕಿ. ಮನೆ ಶಿರಸಿಯಲ್ಲಿ, ಓಡಾಟ ಕುಮಟಾ, ಹೊನ್ನಾವರ, ಕಾರವಾರದ ಕಡೆ. ಈ ಕೆಲಸಕ್ಕೆ ಹೊಸದಾಗಿ ಬಂದವರು "ಗುಂಪು ಕಟ್ಟೋದು ಹೇಗೆ ಮೇಡಂ?" ಅಂತ ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಇಂಥ ಗುಂಪು ಶುರುವಾಗುವ ರೀತಿ ನಿಮಗೂ ಗೊತ್ತು. ದೊಡ್ಡ ಹೆಸರು, ಅಧ್ಯಕ್ಷರು, ದೀಪ ಬೆಳಗುವುದು, ಫೋಟೋ. ಎರಡನೇ ಸಭೆಗೆ ಅರ್ಧ ಕುರ್ಚಿ ಖಾಲಿ. ಜನರಿಗೆ ಆಸಕ್ತಿ ಇಲ್ಲ ಅಂತ ಬೈದುಕೊಂಡು ಸುಮ್ಮನಾಗುತ್ತೇವೆ. ತಾಲೂಕಿನ ಡಾಕ್ಟರು ಒಂದು ಭಾನುವಾರ ಬಿಟ್ಟುಕೊಟ್ಟು ಬರಬೇಕೆಂದರೆ, ಅವರ ಕೈಯಲ್ಲಿರುವ ಯಾವುದೋ ಒಂದು ಮಾಹಿತಿ ಅಲ್ಲಿ ಬೇಕಾಗಿರಬೇಕು. ಅವರಿಲ್ಲದೆ ಕೆಲಸ ನಿಲ್ಲುತ್ತದೆ ಅಂತ ಅವರಿಗೇ ಅನ್ನಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥ ಪ್ರಶ್ನೆ ಹುಡುಕಲು ಕಷ್ಟವಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಮ್ಮ ಜನ ಹೋರಾಟ ಮಾಡಿದ್ದು ಎಲ್ಲರಿಗೂ ಗೊತ್ತಿರುವುದೇ. ಕ್ಯಾನ್ಸರ್ ಅಂತ ಅನುಮಾನ ಬಂದರೆ ಕಾರವಾರದವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ. ಶಿರಸಿ, ಯಲ್ಲಾಪುರದ ಕಡೆಯವರು ಹುಬ್ಬಳ್ಳಿಗೆ. ಕೆಲವರು ನೇರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ರೋಗಿಯ ಜೊತೆ ದಾಖಲೆಯೂ ಚದುರಿಹೋಗುತ್ತದೆ. ಬಾಯಿಯ ಹುಣ್ಣನ್ನು ಮೊದಲು ನೋಡಿದ ದಂತವೈದ್ಯರಿಗೆ ಮುಂದೇನಾಯಿತು ಅಂತ ಗೊತ್ತಾಗುವುದಿಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಹಿಂದೇನಾಯಿತು ಅಂತ ಗೊತ್ತಿಲ್ಲ.

ಹಾಗಾಗಿ ನಮ್ಮ ಗುಂಪಿನ ಪ್ರಶ್ನೆ ಇಷ್ಟೇ: ಬಾಯಿ ಕ್ಯಾನ್ಸರ್ ಆದವರಿಗೆ ಬಾಯಿಯಲ್ಲಿ ತೊಂದರೆ ಕಂಡ ದಿನದಿಂದ ಚಿಕಿತ್ಸೆ ಶುರುವಾಗುವವರೆಗೆ ಎಷ್ಟು ದಿನ ಹೋಗುತ್ತದೆ, ಯಾವ ಹಂತದಲ್ಲಿ ಜಾಸ್ತಿ ಹೋಗುತ್ತದೆ? ಒಂದು ಹಾಳೆ, ನಾಲ್ಕು ತಾರೀಖು. ರೋಗಿಗೆ ಮೊದಲು ಗೊತ್ತಾದದ್ದು, ಮೊದಲ ಬಾರಿ ಯಾರಿಗಾದರೂ ತೋರಿಸಿದ್ದು, ಬಯಾಪ್ಸಿ (ಹುಣ್ಣಿನ ತುಣುಕು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂದದ್ದು, ಚಿಕಿತ್ಸೆ ಆರಂಭ. ನಾಲ್ಕೂ ತಾರೀಖು ಒಬ್ಬರ ಹತ್ತಿರ ಇಲ್ಲ. ಎಲ್ಲರೂ ಸೇರದೆ ಹಾಳೆ ತುಂಬುವುದೇ ಇಲ್ಲ. ಸಭೆಗೆ ಬನ್ನಿ ಅಂತ ನಾನು ಬೇಡಿಕೊಳ್ಳುವುದು ಅಲ್ಲಿಗೆ ಕಡಿಮೆಯಾಯಿತು.

ಮೊದಲ ತಾರೀಖೇ ಎಲ್ಲಕ್ಕಿಂತ ಕಷ್ಟದ್ದು. ಹುಣ್ಣು ಯಾವಾಗ ಕಂಡಿತು ಅಂದರೆ ಯಾರಿಗೂ ತಾರೀಖು ನೆನಪಿರುವುದಿಲ್ಲ. "ಚೌತಿಗಿಂತ ಮುಂಚೆ", "ನಾಟಿ ಹೊತ್ತಿಗೆ", "ಮಾರಿ ಜಾತ್ರೆ ಆದ ಮೇಲೆ" ಅನ್ನುತ್ತಾರೆ. ಇದಕ್ಕೆ ಪರಿಹಾರ ಕೊಟ್ಟವರು ಒಬ್ಬ ಆಶಾ ಕಾರ್ಯಕರ್ತೆ. ಹಾಳೆಯ ಹಿಂದೆ ಊರಿನ ಕ್ಯಾಲೆಂಡರ್ ಅಚ್ಚು ಹಾಕಿಸಿ ಅಂದರು. ಈಗ ಅದರಲ್ಲಿ ಚೌತಿ, ದೀಪಾವಳಿ, ಅಡಿಕೆ ಕೊಯ್ಲು, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಜಾತ್ರೆ ಎಲ್ಲ ಇವೆ. ಕರಾವಳಿಯ ಹಾಳೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವೂ ಇದೆ. ಇಂಥ ಮಾತು ಬರಬೇಕಾದರೆ ಆಶಾ ಕಾರ್ಯಕರ್ತೆಯರಿಗೆ ಮೇಜಿನ ಸುತ್ತಲೇ ಕುರ್ಚಿ ಇರಬೇಕು. ಹಿಂದಿನ ಸಾಲಿನಲ್ಲಿ ಕೂರಿಸಿದರೆ ಅವರು ಬಾಯಿ ಬಿಡುವುದಿಲ್ಲ.

ಅಡಿಕೆ ವಿಷಯ ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊರತಂದ ವರದಿಯಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದ್ದಾರೆ. ನಮ್ಮ ಗುಂಪಿನಲ್ಲೇ ತೋಟ ಇರುವ ಡಾಕ್ಟರು ಇದ್ದಾರೆ. ನಮ್ಮ ಮನೆಯಲ್ಲೂ ತೋಟ ಇದೆ. ಆ ವರದಿಯನ್ನು ಮುಚ್ಚಿಡಬಾರದು, ಹಾಳೆಯಲ್ಲಿ ಕವಳ (ಎಲೆಅಡಿಕೆ), ಹೊಗೆಸೊಪ್ಪು, ಗುಟ್ಕಾ ಮೂರಕ್ಕೂ ಬೇರೆ ಬೇರೆ ಕಾಲಂ ಇರಲೇಬೇಕು. ಆದರೆ ಅಡಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನೇ ಗುಂಪಿನ ಪ್ರಶ್ನೆ ಮಾಡಿಕೊಂಡರೆ ಶಿರಸಿಯಲ್ಲಿ ಮೊದಲ ಸಭೆಗೇ ಜಗಳ. ಜಗಳ ಗೆದ್ದರೂ ರೋಗಿಗೆ ಒಂದು ದಿನವೂ ಉಳಿಯುವುದಿಲ್ಲ.

ಕೈಗಾ ಇನ್ನೊಂದು. ಕಾರವಾರದ ಕಡೆ ಸಭೆ ಇದ್ದರೆ "ಅಣುಸ್ಥಾವರದಿಂದ ಕ್ಯಾನ್ಸರ್ ಜಾಸ್ತಿ ಆಗಿದೆಯಾ ನೋಡಿ" ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಅದಕ್ಕೆ ಉತ್ತರ ಬೇಕಾದರೆ ಒಂದು ಗೊತ್ತಾದ ಪ್ರದೇಶದಲ್ಲಿ ವಾಸಿಸುವ ಎಲ್ಲರ ಲೆಕ್ಕ, ವಯಸ್ಸು, ಬಂದವರು, ಹೋದವರು, ಬೀಡಿ ಸೇದುವವರು, ಕವಳ ಹಾಕುವವರು ಎಲ್ಲ ವರ್ಷಗಟ್ಟಲೆ ಬೇಕು. ಕಿದ್ವಾಯಿಯಲ್ಲಿ ಬೆಂಗಳೂರಿನ ಜನರ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿದೆ, ಅಂಥ ಕೆಲಸ ಅದು. ನಾಲ್ಕೈದು ಕ್ಲಿನಿಕ್ಕಿನ ರಿಜಿಸ್ಟರ್ ಜೋಡಿಸಿ ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ನಮ್ಮಲ್ಲಿ "ಮುಂದಿನ ಪ್ರಶ್ನೆಗಳು" ಅಂತ ಒಂದು ನೋಟ್‌ಬುಕ್ ಇದೆ. ಇಂಥದ್ದು ಬಂದಾಗ, ಉತ್ತರಿಸಲು ಏನೇನು ಬೇಕು ಅನ್ನುವುದನ್ನು ಕೇಳಿದವರ ಎದುರಿಗೇ ಅದರಲ್ಲಿ ಬರೆಯುತ್ತೇವೆ.

ಇನ್ನು ಲೇಖನದಲ್ಲಿ ಯಾರ ಹೆಸರು ಬರಬೇಕು ಅನ್ನುವ ವಿಷಯ. ಗುಂಪು ಒಡೆಯುವುದು ಜಾಸ್ತಿ ಇಲ್ಲೇ. ತಾಲೂಕಿನವರು ಮಾಹಿತಿ ಕೊಡುತ್ತಾರೆ, ಊರಾಚೆಯ ದೊಡ್ಡವರು ಲೇಖನ ಬರೆಯುತ್ತಾರೆ, ಕೊಟ್ಟವರಿಗೆ ಕೊನೆಯಲ್ಲಿ ಒಂದು ಸಾಲು ಧನ್ಯವಾದ. ನಮ್ಮ ಗುಂಪಿನ ಒಬ್ಬ ದಂತವೈದ್ಯರಿಗೆ ಹಿಂದೆ ಬೇರೆ ಕಡೆ ಹೀಗಾಗಿತ್ತು. ಮತ್ತೆ ಯಾರಿಗೂ ರಿಜಿಸ್ಟರ್ ತೋರಿಸುವುದಿಲ್ಲ ಅಂತ ಹಟ ಹಿಡಿದಿದ್ದರು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ ಯಾರನ್ನು ಲೇಖಕರೆನ್ನಬೇಕು ಅಂತ ನಾಲ್ಕು ಷರತ್ತು ಹಾಕಿದೆ. ಮೊದಲನೆಯದು, ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಟ್ಟಿ ಪಾಲು ಇರಬೇಕು. ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಡಬೇಕು, ಬರೆದದ್ದಕ್ಕೆ ಜವಾಬ್ದಾರಿ ಹೊರಬೇಕು. ಜನ ಮರೆಯುವ ಮಾತೊಂದು ಅದರಲ್ಲೇ ಇದೆ: ಮೊದಲ ಷರತ್ತು ಪೂರೈಸಿದವರಿಗೆ ಉಳಿದ ಕೆಲಸದಲ್ಲಿ ಭಾಗವಹಿಸುವ ಅವಕಾಶ ಕೊಡಬೇಕು. ಇದನ್ನು ಕನ್ನಡದಲ್ಲಿ ಒಂದು ಪುಟ ಮಾಡಿ, ಒಂದು ಅಂಕಿಯೂ ಕೈಗೆ ಬರುವ ಮುಂಚೆ ಎಲ್ಲರಿಂದ ಸಹಿ ಹಾಕಿಸಿಕೊಳ್ಳಿ. ಆ ದಂತವೈದ್ಯರು ಎರಡು ಸಲ ಓದಿ ಸಹಿ ಮಾಡಿದರು.

ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಹಾಳೆ ಮುಟ್ಟಬೇಡಿ. ಸಣ್ಣ ಕ್ಲಿನಿಕ್ಕಿನವರು "ನಮಗೆಲ್ಲಿ ಸಮಿತಿ?" ಅಂತ ಹಿಂದೆ ಸರಿಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸ್ವಂತ ಸಮಿತಿ ಇಲ್ಲದವರು ಇನ್ನೊಂದು ಸಂಸ್ಥೆಯ ಸಮಿತಿಯ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಹಾಳೆಯಲ್ಲಿ ರೋಗಿಯ ಹೆಸರು ಇರಬಾರದು, ಸಂಕೇತ ಸಂಖ್ಯೆ ಸಾಕು. ಹೆಸರಿನ ಪಟ್ಟಿ ಪ್ರತಿಯೊಬ್ಬರ ಬೀರುವಿನಲ್ಲೇ ಇರಲಿ.

ಸಭೆ ಎಲ್ಲಿ, ಯಾವಾಗ ಅನ್ನುವುದು ಸಣ್ಣ ವಿಷಯ ಅನ್ನಿಸಬಹುದು. ನಾವು ಕುಮಟಾದಲ್ಲಿ ಸೇರುತ್ತೇವೆ, ಘಟ್ಟದವರಿಗೂ ಕಾರವಾರದವರಿಗೂ ಮಧ್ಯ ಅಂತ. ಮಳೆಗಾಲದಲ್ಲಿ ದೇವಿಮನೆ ಘಟ್ಟ ನಂಬುವ ಹಾಗಿಲ್ಲ, ಆಗ ಫೋನಿನಲ್ಲೇ. ಕೊಯ್ಲಿನ ತಿಂಗಳಲ್ಲಿ ಸಭೆ ಇಡುವುದಿಲ್ಲ. ಊಟ ಇರಲಿ, ಭಾಷಣ ಬೇಡ.

ಇತ್ತೀಚೆಗೆ ಹೊನ್ನಾವರದ ಕಡೆಯ ಸ್ತ್ರೀರೋಗ ತಜ್ಞೆಯೊಬ್ಬರು ಗರ್ಭಕಂಠದ ಕ್ಯಾನ್ಸರನ್ನೂ ಸೇರಿಸಿಕೊಳ್ಳಿ ಅಂದರು. ಸೇರಿಸಿಕೊಳ್ಳಲಿಲ್ಲ. ಅಲ್ಲಿ ಪ್ರಶ್ನೆಯೇ ಬೇರೆ. ತೊಂದರೆ ಕಾಣುವ ಮೊದಲೇ ಪರೀಕ್ಷೆಗೆ ಬರುತ್ತಾರಾ, ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮುಂದಿನ ಹೆಜ್ಜೆಗೆ ಹೋಗುತ್ತಾರಾ ಅನ್ನುವುದು. ಬೇಕಾದ ಜನರೂ ಬೇರೆ. ನಮ್ಮ ಹಾಳೆ, ಸಹಿಯ ಪುಟ ಎರಡನ್ನೂ ಅವರಿಗೆ ಕೊಟ್ಟೆವು. ಅವರು ಮೊದಲ ತಾರೀಖಿನ ಕಾಲಂ ಹೊಡೆದುಹಾಕಿ, ಮೂವರು ನರ್ಸ್‌ಗಳನ್ನು ಕಟ್ಟಿಕೊಂಡು ತಮ್ಮದೇ ಗುಂಪು ಶುರು ಮಾಡಿದ್ದಾರೆ. ಅದಕ್ಕೂ ಇನ್ನೂ ಹೆಸರಿಟ್ಟಿಲ್ಲ.