ಮಾವನ ಬ್ಯಾಟರಿ ಮತ್ತು ಒಂದು ಹುಳ

ದಿನಕ್ಕೆ ಮೂವತ್ತು ಹೊಟ್ಟೆಗಳ ಮೇಲಾದರೂ ನನ್ನ ಅಲ್ಟ್ರಾಸೌಂಡ್ ಸ್ಕ್ಯಾನಿನ ಪ್ರೋಬ್ ಓಡಾಡುತ್ತದೆ. ಜೆಲ್ ತಣ್ಣಗಿದ್ದರೆ ಜನ ಬೆಚ್ಚಿ ಹೊಟ್ಟೆ ಎಳೆದುಕೊಳ್ಳುತ್ತಾರೆ, ಅದಕ್ಕೇ ಬೆಳಿಗ್ಗೆ ಬಂದೊಡನೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡುತ್ತೇನೆ. "ಒಳಗೆ ಏನಾದರೂ ಆಗುತ್ತದೆಯೇ ಡಾಕ್ಟರೇ?" ಎಂದು ಕೇಳಿದವರಿಗೆಲ್ಲ "ಬರೀ ಸದ್ದು ಕಣಮ್ಮ, ಹೋಗಿ ಬರುತ್ತದೆ, ಅಷ್ಟೇ" ಎನ್ನುತ್ತ ಬಂದಿದ್ದೇನೆ.

ಆ ಸದ್ದಿಗೆ ಕೋಶವೊಂದು ಓಗೊಡುವಂತೆ ಮಾಡಬಹುದು ಎಂದು ಓದಿದ ದಿನ ರಾತ್ರಿ ನಿದ್ದೆ ಹತ್ತಲಿಲ್ಲ.

ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಶ್ರೀಕಾಂತ್ ಚಲಸಾನಿ ಅವರ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ ಅದು. ಒಂದು ಮಿಲಿಮೀಟರ್ ಉದ್ದದ, 302 ನರಕೋಶಗಳ ಹುಳ. ಅದರ ಸುತ್ತ ಅನಿಲ ತುಂಬಿದ ಸೂಕ್ಷ್ಮ ಗುಳ್ಳೆಗಳು. ಅಲ್ಟ್ರಾಸೌಂಡ್ ತಾಗಿದಾಗ ಗುಳ್ಳೆಗಳು ಹಿಗ್ಗಿ ಕುಗ್ಗಿ ಹುಳದ ಮೈಯನ್ನು ಜಗ್ಗುತ್ತವೆ. ಟಿಆರ್‌ಪಿ-4 ಎಂಬ ಪ್ರೋಟೀನ್ ಕೋಶದ ಪೊರೆಯಲ್ಲಿ ಬಾಗಿಲಿನಂತೆ ಕೂತಿರುತ್ತದೆ, ಜಗ್ಗಿದರೆ ತೆರೆದುಕೊಳ್ಳುತ್ತದೆ. ಅದಿಲ್ಲದ ನರಕೋಶಗಳಿಗೂ ಅದರ ಜೀನ್ ಕೊಟ್ಟು ನೋಡಿದರು. ಸದ್ದು ಬಿತ್ತು, ತೆವಳುತ್ತಿದ್ದ ಹುಳ ಹಿಂದಕ್ಕೆ ಸರಿಯಿತು.

ನನ್ನ ಮನಸ್ಸನ್ನು ಹಿಡಿದದ್ದು ಇದರ ಜಾಣ್ಮೆ. ಸದ್ದನ್ನು ಎಷ್ಟೇ ಚೂಪಾಗಿ ಒಂದೆಡೆ ಕೂಡಿಸಿದರೂ ಅದು ತನ್ನ ಅಲೆಯ ಉದ್ದಕ್ಕಿಂತ ಬಹಳ ಕಿರಿದಾಗದು. ನಾನು ಹೊಟ್ಟೆಗೆ ಬಳಸುವ 3.5 ಮೆಗಾಹರ್ಟ್ಸ್‌ನಲ್ಲಿ ಅಲೆ ಸುಮಾರು 0.4 ಮಿಲಿಮೀಟರ್, ಕೋಶ ಅದರ ಇಪ್ಪತ್ತನೆಯ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ನಿಖರತೆಯನ್ನು ಸದ್ದಿನಲ್ಲಿ ಹುಡುಕದೆ ಕೋಶದಲ್ಲೇ ಇಟ್ಟರು. ಸದ್ದು ಕೇರಿಗೆಲ್ಲ ಕೇಳುತ್ತದೆ, ಬಾಗಿಲಿರುವ ಮನೆಯವರು ಮಾತ್ರ ಹೊರಬರುತ್ತಾರೆ. ಬೆಳಕಿನಿಂದ ಇಂಥದ್ದೇ ಕೆಲಸ ಮಾಡಿಸಬಹುದು, ಆದರೆ ಬೆಳಕು ತಲೆಬುರುಡೆ ದಾಟಿ ಆಳಕ್ಕೆ ಇಳಿಯದು, ಹೆಚ್ಚಾಗಿ ಮೆದುಳಿಗೆ ನೂಲಿನಂಥ ತಂತು ಇಳಿಸಬೇಕು. 2022ರಲ್ಲಿ ಅದೇ ತಂಡ ಮನುಷ್ಯರಲ್ಲಿರುವ ಟಿಆರ್‌ಪಿಎ1 ಪ್ರೋಟೀನನ್ನು ಇಲಿಯ ಮೆದುಳಿನ ಕೋಶಗಳಲ್ಲಿ ಇರಿಸಿತು. ಈ ಸಲ ಗುಳ್ಳೆಗಳೂ ಬೇಕಾಗಲಿಲ್ಲ. ಸದ್ದಿಗೆ ಇಲಿಯ ಕಾಲು ಮಿಡಿಯಿತು.

ನನ್ನ ಸೋದರಮಾವನಿಗೆ ಪಾರ್ಕಿನ್ಸನ್. ನಡುಕ ತಗ್ಗಿಸಲು ಮೆದುಳಿಗೆ ವಿದ್ಯುತ್ ಮಿಡಿತ ಕೊಡುವ ತಂತಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಅದರ ಬ್ಯಾಟರಿ. ಬ್ಯಾಟರಿ ಬದಲಿಸಲು ಇನ್ನೊಮ್ಮೆ ಆಪರೇಷನ್ ಎಂದಾಗ ಅವರು ಮಂಕಾಗಿದ್ದರು. ಹುಳದಿಂದ ಮನುಷ್ಯನವರೆಗಿನ ದಾರಿ ಬಹಳ ಉದ್ದ, ಜೀನನ್ನು ಮೆದುಳಿಗೆ ಸೇರಿಸುವುದೇ ದೊಡ್ಡ ಮಾತು ಎಂದು ಮೊದಲೇ ಹೇಳಿ ಈ ಕಥೆ ಹೇಳಿದೆ. ಅಂಗಿಯ ಮೇಲಿನಿಂದಲೇ ಬ್ಯಾಟರಿಯ ಉಬ್ಬನ್ನು ಬೆರಳಿನಿಂದ ಸವರುತ್ತ ಕೇಳಿದರು.

"ಯಾರೂ ಮುಟ್ಟದೆಯೇ ಹಿಂದಕ್ಕೆ ಸರಿಯಿತೇ ಅದು?"

"ಸರಿಯಿತು ಮಾವ. ಬರೀ ಸದ್ದಿಗೆ."