ಕೆಂಡದ ಮುಂದೆ ಅರ್ಧ ಗಂಟೆ

ಫ್ರೇಜರ್ ಟೌನಿಗೆ ಪುಲಿಕೇಶಿನಗರ ಎಂದು ಹೆಸರಿಟ್ಟು ಎಷ್ಟೋ ಕಾಲವಾದರೂ ಆಟೋದವರಿಗೆ ಹಳೆಯ ಹೆಸರನ್ನೇ ಹೇಳಬೇಕು. ಶನಿವಾರ ಸಂಜೆ ಮಾಸ್ಕ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಇಳಿದಾಗ ಕಬಾಬ್ ಅಂಗಡಿಗಿಂತ ಮೊದಲು ಅದರ ಹೊಗೆ ಎದುರಾಯಿತು. ಬೋರ್ಡು ಇದೆಯೋ ಇಲ್ಲವೋ, ಇಷ್ಟು ಸಲ ಹೋದರೂ ನಾನು ತಲೆ ಎತ್ತಿ ನೋಡಿಲ್ಲ.

ಒಳಗೆ ನಾಲ್ಕು ಸ್ಟೀಲ್ ಮೇಜು, ಸದ್ದು ಮಾತ್ರ ಮಾಡುವ ಒಂದು ಫ್ಯಾನು. ನಾನು ಬಾಗಿಲ ಬಳಿಯ ಕಬ್ಬಿಣದ ಒಲೆಯ ಪಕ್ಕದಲ್ಲೇ ನಿಲ್ಲುತ್ತೇನೆ. ಅಲ್ಲಿನ ಹಿರಿಯರು ಕೈ ಒದ್ದೆ ಮಾಡಿಕೊಂಡು ಖೀಮಾವನ್ನು ಸಲಾಕೆಗೆ ಒತ್ತುತ್ತಾರೆ; ಬೆರಳಿನ ಗುರುತುಗಳು ಸಾಲಾಗಿ ಮೂಡುತ್ತವೆ. ಕೊಬ್ಬು ಕರಗಿ ಇದ್ದಿಲಿನ ಮೇಲೆ ತೊಟ್ಟಿಕ್ಕಿದರೆ ಚುರ್ರೆಂದು ಹೊಗೆ ಏಳುತ್ತದೆ. ಅರ್ಧ ರುಚಿ ಆ ಹೊಗೆಯದೇ. ಗಾಳಿ ಹಾಕಲು ಹಳೆಯ ಕ್ಯಾಲೆಂಡರಿನ ರಟ್ಟು.

“ಇಷ್ಟು ಮೆತ್ತಗಾಗಲು ಏನು ಹಾಕುತ್ತೀರಿ, ಚಾಚಾ?”

“ಪರಂಗಿ ಕಾಯಿ. ಹೆಚ್ಚಾದರೆ ಮಾಂಸ ಹಿಟ್ಟಾಗಿಬಿಡುತ್ತದೆ, ಸಾರ್.”

ಪರಂಗಿ ಕಾಯಿಯಲ್ಲಿರುವ, ಮಾಂಸವನ್ನು ಮೆತ್ತಗಾಗಿಸುವ ಪಪೈನ್ ಎಂಬ ಕಿಣ್ವದ ಬಗ್ಗೆ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಹಿಟ್ಟಾಗುವ ವಿಷಯ ಯಾವ ಮೇಷ್ಟರೂ ಹೇಳಿರಲಿಲ್ಲ.

ಪುದೀನ ಚಟ್ನಿ ಮಾತ್ರ ನೀರು ನೀರು. ಅದನ್ನು ಬದಿಗೆ ಸರಿಸಿ, ಈರುಳ್ಳಿಗೆ ನಿಂಬೆ ಹಿಂಡಿಕೊಂಡೆ. ತಮ್ಮನಿಗೆಂದು ಕಟ್ಟಿಸಿಕೊಂಡ ಎರಡು ಸೀಕ್ ಕಬಾಬ್ ಶಿವಾಜಿನಗರ ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಒಂದಾಗಿತ್ತು.